‘ಚೆಕ್’ ಎಂಬ ಪದದೊಳಗೆ ಕುಳಿತಿರುವ ಅರಸ

ಪ್ರಶ್ನೆ: ಬ್ಯಾಂಕಿಗೆ ಹಾಕುವ ಚೆಕ್, ಚದುರಂಗದಲ್ಲಿ ರಾಜನಿಗೆ ಕೊಡುವ ಚೆಕ್, ಅಂಗಿಯ ಮೇಲಿನ ಚೆಕ್ಸ್, ‘ಒಮ್ಮೆ ಚೆಕ್ ಮಾಡಿ’ ಎನ್ನುವಾಗಿನ ಚೆಕ್ ಇವೆಲ್ಲ ಒಂದೇ ಪದವೇ, ಅಥವಾ ಉಚ್ಚಾರಣೆ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ಬ್ಯಾಂಕಿನ ಚೆಕ್ ಅರಬ್ಬಿಯ ‘ಸಕ್ಕ್’ ಎಂಬುದರಿಂದ ಬಂದದ್ದೆಂದು ಒಂದು ಕಡೆ ಓದಿದೆ. ಅದು ನಿಜವೇ? ಅಮೆರಿಕದವರೂ ಬ್ರಿಟಿಷರೂ ಅದನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆಯುವುದೇಕೆ? ಕೊನೆಯದಾಗಿ, ‘ಚೆಕ್‌ಮೇಟ್’ನಲ್ಲಿರುವ ‘ಮೇಟ್’ ಎಂದರೆ ಗೆಳೆಯನೇ?

ಉತ್ತರ: ನೀವು ಹೇಳಿರುವ ನಾಲ್ಕೂ ಒಂದೇ ಪದದ ಸಂತಾನ. ಅಷ್ಟೇ ಅಲ್ಲ, ‘ಚೆಸ್’ ಎಂಬ ಆಟದ ಹೆಸರೂ ಬ್ರಿಟನ್ನಿನ ಖಜಾನೆಗಿರುವ ‘ಎಕ್ಸ್‌ಚೆಕರ್’ ಎಂಬ ಹೆಸರೂ ಇದೇ ಮನೆತನಕ್ಕೆ ಸೇರಿದವು. ಆದರೆ ಇವೆಲ್ಲ ಒಂದೇ ದಾರಿ ಹಿಡಿದು ಬಂದವಲ್ಲ. ಎದುರಾಳಿಯ ರಾಜನ ಮೇಲೆ ದಾಳಿ ಹೂಡಿದಾಗ ಆಟಗಾರನ ಬಾಯಿಂದ ಹೊರಡುವ ಕೂಗಿನಿಂದ ಒಂದು ಕವಲು ಹೊರಟಿತು. ಆಟ ನಡೆಯುವ ಚೌಕಳಿ ಮಣೆಯಿಂದ ಇನ್ನೊಂದು ಕವಲು ಹೊರಟಿತು. ತಡೆ, ತಪಾಸಣೆ, ಬ್ಯಾಂಕಿನ ಕಾಗದ ಇವು ಕೂಗಿನ ಕವಲಿನವು. ಖಜಾನೆ ಮತ್ತು ಅಂಗಿಯ ಬಟ್ಟೆ ಮಣೆಯ ಕವಲಿನವು. ಗೊಂದಲ ಹೆಚ್ಚಾಗಿ ಹುಟ್ಟಿರುವುದು ಬ್ಯಾಂಕಿನ ಚೆಕ್ಕಿನಿಂದ. ಏಕೆಂದರೆ ಅದು ಹುಟ್ಟಿದ್ದು ಮೊದಲನೆಯ ಕವಲಿನಲ್ಲಿ, ಬ್ರಿಟನ್ನಿನಲ್ಲಿ ಅದು ತೊಟ್ಟುಕೊಂಡ ಕಾಗುಣಿತ ಮಾತ್ರ ಎರಡನೆಯದರದ್ದು.

ಮೂಲದಲ್ಲಿರುವುದು ಒಬ್ಬ ಅರಸ. ಕ್ರಿ.ಪೂ. 520ರ ಸುಮಾರಿನಲ್ಲಿ ಪರ್ಷಿಯಾದ ದೊರೆ ಡೇರಿಯಸ್ ಬೇಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ಕೊರೆಸಿದ ಶಾಸನದಲ್ಲಿ ತನ್ನನ್ನು ‘ಖ್ಷಾಯಥಿಯ ಖ್ಷಾಯಥಿಯಾನಾಂ’ ಎಂದು ಕರೆದುಕೊಂಡಿದ್ದಾನೆ. ‘ದೇವಾನಾಂ’, ‘ಜನಾನಾಂ’ ಎಂಬ ರೂಪಗಳನ್ನು ಕೇಳಿ ಬಲ್ಲವರಿಗೆ ಇದರ ವ್ಯಾಕರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಅರಸರ ಅರಸ ಎಂದರ್ಥ. ಹಳೆಯ ಪರ್ಷಿಯನ್ನಿನ ಈ ‘ಖ್ಷಾಯಥಿಯ’ ಶತಮಾನಗಳ ಬಾಯಿಬಳಕೆಯಲ್ಲಿ ಸವೆದು ಸವೆದು ‘ಶಾಹ್’ ಆಯಿತು. ಆ ಇಡೀ ಬಿರುದು ‘ಶಾಹನ್‌ಶಾಹ್’ ಆಯಿತು. ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಪದಗಳೂ ಆಳು, ಒಡೆತನ ನಡೆಸು ಎಂಬ ಅರ್ಥದ ಇದೇ ಪ್ರಾಚೀನ ಧಾತುವಿನವು. ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ, ಅಂದರೆ ಕ್ರಿ.ಶ. 4ನೇ ಶತಮಾನದಲ್ಲಿಯೇ, ‘ಷಾಹಿ ಷಾಹಾನುಷಾಹಿ’ ಎಂಬ ಬಿರುದುಗಳು ಕಾಣಿಸಿಕೊಳ್ಳುತ್ತವೆ. ಇಂದು ನಾವು ‘ಅಧಿಕಾರಶಾಹಿ’, ‘ನೌಕರಶಾಹಿ’ ಎಂದು ಬರೆಯುವಾಗ ಬಾಲಕ್ಕೆ ಹಚ್ಚುವ ‘ಶಾಹಿ’ಯೂ ಅದೇ ಅರಸನದು. ಕಚೇರಿಯೊಂದರಲ್ಲಿ ಕಡತ ‘ಚೆಕ್’ ಆಗದೆ ಉಳಿದಿರುವುದಕ್ಕೆ ಅಧಿಕಾರಶಾಹಿಯನ್ನು ಬಯ್ಯುವವರು ಒಂದೇ ವಾಕ್ಯದಲ್ಲಿ ಆ ಅರಸನನ್ನು ಎರಡು ಬಾರಿ ಕರೆದಿರುತ್ತಾರೆ.

ಆಟ ಮಾತ್ರ ಎದುರು ದಿಕ್ಕಿನಿಂದ ಬಂತು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ‘ಚತುರಂಗ’. ಭಾರತದಿಂದ ಹೊರಟ ಆ ಆಟ ಸಸಾನಿಯನ್ ಪರ್ಷಿಯಾದಲ್ಲಿ ‘ಚತ್ರಂಗ್’ ಎನಿಸಿಕೊಂಡು, ಅರಬ್ಬರಲ್ಲಿ ‘ಶತ್ರಂಜ್’ ಆಗಿ, ಅವರ ಜೊತೆಗೆ ಸ್ಪೇನನ್ನು ಮುಟ್ಟಿತು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳು ಇಂದಿಗೂ ಆಟವನ್ನು ಈ ಹೆಸರಿನ ತಿರುಚಿದ ರೂಪಗಳಿಂದಲೇ ಕರೆಯುತ್ತವೆ. (ಪೋರ್ಚುಗೀಸಿನಲ್ಲಿ ಅದೇ ಪದಕ್ಕೆ ಚೌಕಳಿ ಬಟ್ಟೆ ಎಂಬ ಅರ್ಥವೂ ಇದೆ, ಆಡುಮಾತಿನಲ್ಲಿ ಸೆರೆಮನೆ ಎಂಬ ಅರ್ಥವೂ ಇದೆ. ಕಂಬಿಗಳ ಚೌಕಗಳನ್ನು ನೋಡಿದವರು ಯಾರೋ ಹಾಗೆ ಕರೆದಿರಬೇಕು.) ಯುರೋಪಿನ ಬಹುಪಾಲು ಉಳಿದ ಭಾಷೆಗಳು ಸೇನೆಯನ್ನು ಬಿಟ್ಟು ರಾಜನನ್ನು ಹಿಡಿದುಕೊಂಡವು. ಜರ್ಮನ್ನಿನ ‘ಶಾಖ್’, ಇಟಾಲಿಯನ್ನಿನ ‘ಸ್ಕಾಕಿ’, ರಷ್ಯನ್ನಿನ ‘ಶಾಖ್ಮತಿ’, ಫ್ರೆಂಚಿನ ‘ಎಷೆಕ್’ ಎಲ್ಲವೂ ‘ಶಾಹ್’ ಎಂಬುದರ ಮಕ್ಕಳು. ಹೀಗೆ ನಮ್ಮ ‘ಚದುರಂಗ’ ಸೇನೆಯ ಹೆಸರನ್ನು ಉಳಿಸಿಕೊಂಡಿದ್ದರೆ ಅವರ ‘ಚೆಸ್’ ದೊರೆಯ ಹೆಸರನ್ನು ಉಳಿಸಿಕೊಂಡಿದೆ.

ದೊರೆಯ ಹೆಸರೇ ಆಟದ ಹೆಸರಾದದ್ದು ಹೇಗೆ ಎಂಬುದಕ್ಕೆ ಉತ್ತರ ಆಟದ ರೂಢಿಯಲ್ಲಿದೆ. ರಾಜನಿಗೆ ಅಪಾಯ ಒದಗಿದಾಗ ಎದುರಾಳಿಯನ್ನು ಎಚ್ಚರಿಸಲು ‘ಶಾಹ್!’ ಎಂದು ಕೂಗಬೇಕಿತ್ತು. ‘ನಿನ್ನ ದೊರೆಯನ್ನು ನೋಡಿಕೊ’ ಎಂಬುದರ ಚುಟುಕು ರೂಪ ಅದು. ಆಟದ ಬಗ್ಗೆ ಏನೂ ತಿಳಿಯದೆ ಪಕ್ಕದಲ್ಲಿ ನಿಂತು ನೋಡುವವನ ಕಿವಿಗೆ ಮತ್ತೆ ಮತ್ತೆ ಬೀಳುವ ಪದವೂ ಅದೇ. ಹೊಸ ಆಟ ಕಲಿಯುವವರು ಅದಕ್ಕೆ ಅತಿ ಹೆಚ್ಚು ಕೇಳಿಸಿದ ಪದದಿಂದಲೇ ಹೆಸರಿಟ್ಟುಕೊಂಡದ್ದು ಸಹಜವಾಗಿದೆ. ಯುರೋಪಿನಲ್ಲಿ ಈ ಆಟವನ್ನು ವರ್ಣಿಸುವ ಅತ್ಯಂತ ಹಳೆಯ ಲ್ಯಾಟಿನ್ ಪದ್ಯ ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಉಳಿದುಬಂದಿದೆ. ಅದು 10ನೇ ಶತಮಾನದ ಕೊನೆಯ ಭಾಗದ್ದು. ಆ ವೇಳೆಗಾಗಲೇ ‘ಶಾಹ್’ ಲ್ಯಾಟಿನ್ ವೇಷ ಧರಿಸಿತ್ತು.

ಆ ವೇಷ ಸ್ವಲ್ಪ ವಿಚಿತ್ರವಾದದ್ದು. ಲ್ಯಾಟಿನ್ ಬರೆಯುವವರಿಗೆ ಪದದ ಆರಂಭದ ‘ಶ’ಕಾರವನ್ನು ಸೂಚಿಸಲು ತಕ್ಕ ಅಕ್ಷರವಿರಲಿಲ್ಲ, ಕೊನೆಯ ‘ಹ’ಕಾರ ಅವರ ಕಿವಿಗೆ ಗಂಟಲಿನ ಗಡಸು ಧ್ವನಿಯಾಗಿ ಕೇಳಿ ‘ಕ’ಕಾರವಾಯಿತು. ಹೀಗೆ ‘ಶಾಹ್’ ಹೋಗಿ ‘ಸ್ಕಾಕುಸ್’ ಬಂತು. ಹಳೆಯ ಫ್ರೆಂಚ್ ಆಡುವವರಿಗೆ ‘ಸ್ಕ’, ‘ಸ್ಟ’ ಮುಂತಾದ ಒತ್ತಕ್ಷರಗಳಿಂದ ಪದ ಆರಂಭವಾದರೆ ನಾಲಿಗೆ ಏಳುತ್ತಿರಲಿಲ್ಲವಾದ್ದರಿಂದ ಮುಂದೆ ಒಂದು ‘ಎ’ಕಾರವನ್ನು ಆಸರೆಗೆ ಇಟ್ಟುಕೊಳ್ಳುತ್ತಿದ್ದರು. ಇದರಲ್ಲಿ ನಗುವಂಥದ್ದೇನೂ ಇಲ್ಲ. ‘ಸ್ಕೂಲು’ ಎನ್ನಲಾಗದೆ ‘ಇಸ್ಕೂಲು’ ಎಂದ ನಾಲಿಗೆ ನಮ್ಮದೂ ಹೌದು. ‘ಸ್ಕಾಕುಸ್’ ಹೀಗೆ ‘ಎಸ್ಚೆಕ್’ ಆಯಿತು. ನಾರ್ಮನ್ನರೊಡನೆ ಇಂಗ್ಲೆಂಡಿಗೆ ಹೋದ ಮೇಲೆ ಆ ಆಸರೆ ಕಳಚಿ ಬಿದ್ದು ‘ಚೆಕ್’ ಮಾತ್ರ ಉಳಿಯಿತು. ಅದೇ ಫ್ರೆಂಚ್ ಪದದ ಬಹುವಚನ ‘ಎಸ್ಚೆಸ್’. ಅದರ ತಲೆ ಉದುರಿ ‘ಚೆಸ್’ ಆಯಿತು. ಅಂದರೆ ‘ಚೆಸ್’ ಎಂಬುದು ನಿಜವಾಗಿ ‘ಚೆಕ್’ ಎಂಬುದರ ಬಹುವಚನ. ಅರ್ಥ ಮಾಡಿದರೆ ‘ರಾಜರುಗಳು’ ಎಂದಾಗುತ್ತದೆ. ಇಂಗ್ಲಿಷರು ಅದನ್ನು ಮರೆತು ಏಕವಚನದಂತೆ ಬಳಸುತ್ತಾರೆ.

ಇನ್ನು ಕೂಗಿನ ಕವಲನ್ನು ಹಿಂಬಾಲಿಸೋಣ. ಚಾಸರ್ ಕವಿ 14ನೇ ಶತಮಾನದ ಉತ್ತರಾರ್ಧದಲ್ಲಿ ಬರೆದ ಶೋಕಗೀತವೊಂದರಲ್ಲಿ, ಪ್ರಿಯೆಯನ್ನು ಕಳೆದುಕೊಂಡ ವೀರನೊಬ್ಬ ತಾನು ವಿಧಿಯೊಡನೆ ಚದುರಂಗವಾಡಿ ಸೋತೆನೆಂದು ಹೇಳಿಕೊಳ್ಳುತ್ತಾನೆ. ಅಲ್ಲಿ ವಿಧಿದೇವತೆ ‘ಚೆಕ್’ ಎಂದೂ ‘ಮೇಟ್’ ಎಂದೂ ನುಡಿಯುತ್ತಾಳೆ, ನುಡಿಯುವುದು ‘ಚೆಕರ್’ನ ನಟ್ಟನಡುವೆ. ‘ಚೆಕರ್’ ಎಂದರೆ ಚದುರಂಗದ ಮಣೆ. ಕೂಗು ಮತ್ತು ಮಣೆ ಎಂಬ ನಮ್ಮ ಎರಡೂ ಕವಲುಗಳು ಒಂದು ದ್ವಿಪದಿಯೊಳಗೆ ಹೀಗೆ ಅಕ್ಕಪಕ್ಕ ಕುಳಿತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಟದಿಂದ ಹೊರಗೆ ಕಾಲಿಟ್ಟ ‘ಚೆಕ್’ ಮೊದಲು ಪಡೆದ ಅರ್ಥ ಅನಿರೀಕ್ಷಿತ ಪೆಟ್ಟು, ಹಿನ್ನಡೆ ಎಂಬುದು. ರಾಜನಿಗೆ ಚೆಕ್ ಬಿದ್ದ ಕ್ಷಣದಲ್ಲಿ ಆಟಗಾರ ತನ್ನ ಹೂಟವನ್ನೆಲ್ಲ ಬದಿಗಿಟ್ಟು ಆ ಒಂದು ಅಪಾಯಕ್ಕೆ ಉತ್ತರ ಕೊಡಲೇಬೇಕು; ಬೇರೆ ಯಾವ ನಡೆಗೂ ನಿಯಮ ಒಪ್ಪುವುದಿಲ್ಲ. ಆದ್ದರಿಂದ ಪೆಟ್ಟು ಎಂಬ ಅರ್ಥದ ಬೆನ್ನಿಗೇ ತಡೆ, ಕಡಿವಾಣ ಎಂಬ ಅರ್ಥ ಬಂತು. ಫ್ರೆಂಚರಲ್ಲಿ ಇದೇ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೋಲು, ವೈಫಲ್ಯ ಎಂಬ ಅರ್ಥವನ್ನು ಪಡೆಯಿತು: ಅವರ ‘ಎಷೆಕ್’ ಬಹುವಚನದಲ್ಲಿ ಚದುರಂಗ, ಏಕವಚನದಲ್ಲಿ ವಿಫಲತೆ. ಇಂಗ್ಲಿಷರ ಗಿಡುಗ ಬೇಟೆಯಲ್ಲಿಯೂ ಪದ ಹೊಕ್ಕಿತು. ಗಿಡುಗ ತಾನು ಅಟ್ಟಬೇಕಾದ ಬೇಟೆಯನ್ನು ಬಿಟ್ಟು ದಾರಿಯಲ್ಲಿ ಸಿಕ್ಕ ಹಕ್ಕಿಯ ಹಿಂದೆ ಹೋದರೆ ಅದನ್ನೂ ‘ಚೆಕ್’ ಎಂದರು.

ತಡೆ ಎಂಬ ಅರ್ಥ ಇಂದಿಗೂ ಜೀವಂತವಾಗಿದೆ, ಆದರೆ ನಮ್ಮ ಕನ್ನಡದ ‘ಚೆಕ್ ಮಾಡು’ವಿನಲ್ಲಿ ಅದು ಇಲ್ಲ. ನಾವು ಎರವಲು ತಂದದ್ದು ಪರಿಶೀಲನೆಯ ಅರ್ಥವನ್ನು ಮಾತ್ರ. ಅನುವಾದಕರು ಎಡವುವುದು ಇಲ್ಲಿಯೇ. ‘ಅನ್‌ಚೆಕ್ಡ್’ ಎಂಬ ವಿಶೇಷಣ ಲೆಕ್ಕಪತ್ರಕ್ಕೆ ಅಂಟಿಕೊಂಡಾಗ ‘ಪರಿಶೀಲಿಸದ’ ಎಂದಾಗುತ್ತದೆ, ಅಧಿಕಾರಕ್ಕೆ ಅಥವಾ ಬೆಂಕಿಗೆ ಅಂಟಿಕೊಂಡಾಗ ‘ತಡೆಯಿಲ್ಲದ’ ಎಂದಾಗುತ್ತದೆ. ನಾನು ತಿದ್ದಬೇಕಾಗಿ ಬಂದ ಒಂದು ಅನುವಾದದಲ್ಲಿ ‘ಪರಿಶೀಲಿಸದ ಕಾಳ್ಗಿಚ್ಚು ಕಾಡನ್ನು ಸುಟ್ಟಿತು’ ಎಂದಿತ್ತು, ಪರಿಶೀಲಿಸಿದ್ದರೆ ಸುಡುತ್ತಿರಲಿಲ್ಲವೇನೋ. ಅಮೆರಿಕದ ಸಂವಿಧಾನವನ್ನು ವಿವರಿಸುವಾಗ ಬರುವ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂಬ ಜೋಡಿಯಲ್ಲಿಯೂ ಇರುವುದು ತಡೆಯೇ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ಮಿತಿಯಲ್ಲಿಡುವುದು. ಕನ್ನಡದಲ್ಲಿ ಅದನ್ನು ‘ತಡೆ ಮತ್ತು ಸಮತೋಲನ’ ಎಂದು ಬರೆಯುವವರು ಪದದ ಹಳೆಯ ಅರ್ಥವನ್ನು ಸರಿಯಾಗಿಯೇ ಹಿಡಿದಿದ್ದಾರೆ.

ತಡೆಯಿಂದ ತಪಾಸಣೆಗೆ ಸೇತುವೆ ಕಟ್ಟಿದವರು ಲೆಕ್ಕ ಬರೆಯುವವರು. ಇಂಗ್ಲೆಂಡಿನ ಅರಸರ ಹಡಗುಕಟ್ಟೆಗಳಲ್ಲಿ ‘ಕ್ಲರ್ಕ್ ಆಫ್ ದ ಚೆಕ್’ ಎಂಬ ಅಧಿಕಾರಿಯೊಬ್ಬನಿರುತ್ತಿದ್ದ. ಕೆಲಸಕ್ಕೆ ಬಂದವರು ಯಾರು, ಬಾರದವರು ಯಾರು ಎಂಬುದನ್ನು ಹಾಜರಿ ಪುಸ್ತಕದಲ್ಲಿ ದಾಖಲಿಸುವುದು ಅವನ ಕೆಲಸ. ಅವನ ಪುಸ್ತಕಕ್ಕೆ ತಾಳೆಯಾಗದ ಕೂಲಿಯ ಬಾಬತ್ತು ಪಾವತಿಯಾಗಬಾರದು. ಈಗ ಯೋಚಿಸಿ ನೋಡಿ, ಆತ ಮಾಡುತ್ತಿದ್ದುದು ತಡೆಯೋ ತಪಾಸಣೆಯೋ? ಎರಡೂ ಹೌದು. ಸುಳ್ಳು ಲೆಕ್ಕವನ್ನು ತಡೆಯಬೇಕಾದರೆ ಒಂದು ದಾಖಲೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ಇಟ್ಟು ನೋಡುವ ಕೆಲಸಕ್ಕೇ ಕ್ರಮೇಣ ‘ಚೆಕ್’ ಎಂಬ ಹೆಸರು ಅಂಟಿಕೊಂಡಿತು. 17ನೇ ಶತಮಾನದ ಕೊನೆಯ ವೇಳೆಗೆ, ತಾಳೆ ನೋಡು, ಸರಿಯಿದೆಯೇ ಎಂದು ಪರೀಕ್ಷಿಸು ಎಂಬ ಕ್ರಿಯಾಪದದ ಅರ್ಥ ಇಂಗ್ಲಿಷಿನಲ್ಲಿ ನೆಲೆಯೂರಿತ್ತು.

ಇದು ಭಾಷೆಯ ಒಂದು ಆಕಸ್ಮಿಕ ಚೇಷ್ಟೆಯಲ್ಲ ಎಂಬುದಕ್ಕೆ ‘ಕಂಟ್ರೋಲ್’ ಎಂಬ ಪದ ಸಾಕ್ಷಿ. ಅದು ‘ಎದುರು ಸುರುಳಿ’ ಎಂಬ ಅರ್ಥದ ಮಧ್ಯಯುಗದ ಲ್ಯಾಟಿನ್ ಮತ್ತು ಫ್ರೆಂಚ್ ರೂಪಗಳಿಂದ ಬಂದದ್ದು. ಮೂಲ ಲೆಕ್ಕದ ಸುರುಳಿಗೆ ಎದುರಾಗಿ ಇನ್ನೊಬ್ಬ ಬರೆದಿಟ್ಟ ಪ್ರತಿ ಸುರುಳಿಯೇ ‘ಕಂಟ್ರೋಲ್’. ಎರಡನ್ನೂ ಹೋಲಿಸಿ ನೋಡುವ ಅಧಿಕಾರ ಯಾರ ಕೈಯಲ್ಲಿತ್ತೋ ಹಿಡಿತವೂ ಅವನ ಕೈಯಲ್ಲಿತ್ತು. ‘ಚೆಕ್’ ತಡೆಯಿಂದ ಹೊರಟು ತಾಳೆಗೆ ಬಂದರೆ ‘ಕಂಟ್ರೋಲ್’ ತಾಳೆಯಿಂದ ಹೊರಟು ತಡೆಗೆ ಹೋಯಿತು. ಮಹಾಲೇಖಪಾಲರ ಇಂಗ್ಲಿಷ್ ಪದನಾಮದಲ್ಲಿರುವ ‘ಕಂಪ್ಟ್ರೋಲರ್’ ಎಂಬ ಕಾಗುಣಿತ, ಈ ಪದ ಲೆಕ್ಕ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿರಬೇಕೆಂದು ಯಾರೋ ತಪ್ಪಾಗಿ ಊಹಿಸಿ ತಿದ್ದಿದ್ದರ ಫಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಬ್ಯಾಂಕಿನ ಚೆಕ್ಕಿಗೂ ಇಂಥದೇ ಒಂದು ಗತಿ ಬಂತು.

ಅದಕ್ಕೆ ಮೊದಲು ಮಣೆಯ ಕವಲನ್ನು ನೋಡಬೇಕು. ಚದುರಂಗದ ಮಣೆಯನ್ನು ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯುಮ್’ ಎಂದೂ ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆರ್’ ಎಂದೂ ಕರೆಯುತ್ತಿದ್ದರು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ಅರಸನ ಲೆಕ್ಕಪತ್ರಗಳ ಸಭೆಗೂ ಇದೇ ಹೆಸರಿತ್ತು. ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಈ ಸಭೆಯ ಕುರಿತು ಲ್ಯಾಟಿನ್ನಿನಲ್ಲಿ ಬರೆದ ಗ್ರಂಥ ಗುರುಶಿಷ್ಯರ ಸಂವಾದದ ರೂಪದಲ್ಲಿದೆ. ಅದರಲ್ಲಿ ಅವನು ವರ್ಣಿಸುವ ಮೇಜು 10 ಅಡಿ ಉದ್ದ, 5 ಅಡಿ ಅಗಲ. ಮೇಲಿಟ್ಟದ್ದು ಜಾರಿ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಜಿನ ಮೇಲೆ ಹಾಸುವ ಬಟ್ಟೆ ಕಪ್ಪಗಿದ್ದು, ಅದರ ಮೇಲೆ ಒಂದು ಅಡಿಗೋ ಒಂದು ಗೇಣಿಗೋ ಒಂದರಂತೆ ಗೆರೆಗಳಿರುತ್ತಿದ್ದವು. ಆ ಗೆರೆಗಳ ನಡುವಿನ ಪಟ್ಟಿಗಳಲ್ಲಿ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಬಲತುದಿಯ ಪಟ್ಟಿ ಪೆನ್ನಿಗಳಿಗೆ, ಅದರ ಪಕ್ಕದ್ದು ಷಿಲ್ಲಿಂಗುಗಳಿಗೆ, ಅದರಾಚೆ ಪೌಂಡುಗಳಿಗೆ. ಮುಂದೆ ಎಡಕ್ಕೆ ಹೋದಂತೆ ಇಪ್ಪತ್ತರ, ನೂರರ, ಸಾವಿರದ ಪಟ್ಟಿಗಳು. ಒಂದೇ ಬಿಲ್ಲೆ ಬಲತುದಿಯಲ್ಲಿದ್ದಾಗ ಒಂದು ಪೆನ್ನಿ, ಎಡಕ್ಕೆ ಸರಿಸಿದಾಗ ಸಾವಿರ ಪೌಂಡು. 12 ಪೆನ್ನಿಗೆ ಒಂದು ಷಿಲ್ಲಿಂಗು, 20 ಷಿಲ್ಲಿಂಗಿಗೆ ಒಂದು ಪೌಂಡು ಎಂಬ ಲೆಕ್ಕವನ್ನು ರೋಮನ್ ಅಂಕಿಗಳಲ್ಲಿ ಬರೆದು ಕೂಡಿಸಿ ಕಳೆಯುವುದು ಎಂಥ ಹಿಂಸೆಯೆಂಬುದನ್ನು ಒಮ್ಮೆ ಪ್ರಯತ್ನಿಸಿ ನೋಡಿದರೆ ಈ ಬಟ್ಟೆಯ ಬೆಲೆ ತಿಳಿಯುತ್ತದೆ.

ಒಂದೊಂದು ಸೀಮೆಯ ಕಂದಾಯ ವಸೂಲು ಮಾಡುತ್ತಿದ್ದ ಶೆರೀಫ್ ವರ್ಷಕ್ಕೆ ಎರಡು ಸಲ, ಈಸ್ಟರ್ ಮತ್ತು ಮೈಕೆಲ್‌ಮಸ್ ಹಬ್ಬಗಳ ಹೊತ್ತಿಗೆ, ಈ ಮೇಜಿನೆದುರು ಬಂದು ನಿಲ್ಲಬೇಕಿತ್ತು. ಅವನು ಕೊಡಬೇಕಾದದ್ದನ್ನು ಒಂದು ಸಾಲಿನಲ್ಲಿ ಬಿಲ್ಲೆಗಳಿಂದ ಜೋಡಿಸಿ, ಕೊಟ್ಟದ್ದನ್ನು ಅದರ ಕೆಳಗಿನ ಸಾಲಿನಲ್ಲಿ ಜೋಡಿಸಿ, ಮೇಲಿನದರಲ್ಲಿ ಕೆಳಗಿನದನ್ನು ಕಳೆಯುತ್ತಿದ್ದರು. ಉಳಿದ ಬಿಲ್ಲೆಗಳೇ ಅವನ ಬಾಕಿ. ಓದುಬರಹ ಬಾರದವನೂ ತನ್ನ ಕಣ್ಣೆದುರಿಗೇ ಲೆಕ್ಕ ನಡೆಯುವುದನ್ನು ನೋಡಬಹುದಾಗಿತ್ತು, ಆಕ್ಷೇಪವಿದ್ದರೆ ಆಗಲೇ ಎತ್ತಬಹುದಾಗಿತ್ತು. ಫಿಟ್ಸ್‌ನೀಲನ ಗ್ರಂಥದ ಶಿಷ್ಯ ನಿಮ್ಮಂತೆಯೇ ಈ ಹೆಸರಿಗೆ ಕಾರಣವೇನೆಂದು ಕೇಳುತ್ತಾನೆ. ಮೇಜು ನೋಡಲು ಚದುರಂಗದ ಮಣೆಯಂತಿದೆ ಎಂಬುದು ಗುರುವಿನ ಮೊದಲ ಉತ್ತರ. ಹಿರಿಯರು ಕೇವಲ ಆಕಾರ ನೋಡಿ ಹೆಸರಿಟ್ಟಾರೆಯೇ ಎಂದು ಶಿಷ್ಯ ಪಟ್ಟು ಬಿಡದಿದ್ದಾಗ ಗುರು ಎರಡನೆಯ ಕಾರಣವನ್ನು ಹೊರತೆಗೆಯುತ್ತಾನೆ: ಮಣೆಯ ಮೇಲೆ ಇಬ್ಬರು ರಾಜರ ನಡುವೆ ಕಾಳಗ ನಡೆಯುವಂತೆ ಇಲ್ಲಿ ಖಜಾಂಚಿಗೂ ಶೆರೀಫನಿಗೂ ಕಾಳಗ ನಡೆಯುತ್ತದೆ. ನನ್ನನ್ನು ಕೇಳಿದರೆ ಮೊದಲ ಕಾರಣವೇ ಸಾಕು. ಎರಡನೆಯದು ಜಾಣ ಶಿಷ್ಯನನ್ನು ಮೆಚ್ಚಿಸಲು ಹೇಳಿದ್ದೆಂದು ತೋರುತ್ತದೆ.

ಆ ಸಭೆಯ ಹೆಸರೇ ಮುಂದೆ ಖಜಾನೆಯ ಹೆಸರಾಯಿತು. ಬ್ರಿಟನ್ನಿನ ಹಣಕಾಸು ಮಂತ್ರಿ ಇಂದಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’, ಅಕ್ಷರಶಃ ಹೇಳುವುದಾದರೆ ಚದುರಂಗದ ಮಣೆಯ ಮುಖ್ಯಾಧಿಕಾರಿ. ಅದರ ಆರಂಭದ ‘ಎಕ್ಸ್’ ಕೂಡ ಪಂಡಿತರ ಕೈವಾಡವೇ. ಫ್ರೆಂಚಿನಲ್ಲಿದ್ದದ್ದು ನಾಲಿಗೆಗೆ ಆಸರೆಯಾಗಿ ಬಂದ ‘ಎಸ್’ ಮಾತ್ರ. ಅದನ್ನು ಲ್ಯಾಟಿನ್ನಿನ ‘ಎಕ್ಸ್’ ಎಂಬ ಉಪಸರ್ಗವೆಂದು ಭಾವಿಸಿ ತಿದ್ದಿಬಿಟ್ಟರು. ಇದೇ ಕವಲಿನಿಂದ ಮಣೆಯಂಥ ಚೌಕಗಳುಳ್ಳ ಬಟ್ಟೆಗೆ ‘ಚೆಕರ್ಡ್’ ಎಂದೂ ಮೊಟಕಾಗಿ ‘ಚೆಕ್’ ಎಂದೂ ಹೆಸರು ಬಂತು. ನಿಮ್ಮ ಅಂಗಿಯ ‘ಚೆಕ್ಸ್’ ಇದು. ನಮಗೆ ಇದಕ್ಕೆ ‘ಚೌಕಳಿ’ ಎಂಬ ಚೆಂದದ ಪದವೇ ಇರುವಾಗ ಅದನ್ನು ಮೂಲೆಗೆ ತಳ್ಳಿದ್ದೇಕೋ ತಿಳಿಯದು. ಕಾರು ಪಂದ್ಯದ ಕೊನೆಯಲ್ಲಿ ಬೀಸುವ ಕಪ್ಪು ಬಿಳುಪಿನ ಬಾವುಟವೂ, ಏಳುಬೀಳುಗಳ ಬದುಕನ್ನು ಇಂಗ್ಲಿಷರು ‘ಚೆಕರ್ಡ್’ ಎನ್ನುವುದೂ ಈ ಕವಲಿನವೇ.

ಈಗ ಬ್ಯಾಂಕಿನ ಚೆಕ್ಕಿಗೆ ಬರೋಣ. ತನ್ನ ಹಣವನ್ನು ಇಟ್ಟುಕೊಂಡವನಿಗೆ ‘ಇಂಥವರಿಗೆ ಇಷ್ಟು ಕೊಡು’ ಎಂದು ಚೀಟಿ ಬರೆದು ಕಳಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 17ನೇ ಶತಮಾನದ ಮಧ್ಯದ ಹೊತ್ತಿಗೆ ಬಳಕೆಯಲ್ಲಿತ್ತು. 1659ರ ದಿನಾಂಕವುಳ್ಳ ಅಂಥ ಚೀಟಿಯೊಂದು ಈಗಲೂ ಉಳಿದಿದೆ. ಆದರೆ ಅದನ್ನು ಆಗ ಚೆಕ್ ಎಂದು ಕರೆಯುತ್ತಿರಲಿಲ್ಲ. ವಸ್ತು ಮೊದಲು ಬಂತು, ಹೆಸರು ತಡವಾಗಿ ಬಂತು ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. 18ನೇ ಶತಮಾನದ ಆರಂಭದಲ್ಲಿ ‘ಚೆಕ್’ ಎಂಬ ಹೆಸರು ಇದ್ದದ್ದು ಹಣದ ಪತ್ರಕ್ಕಲ್ಲ, ಅದನ್ನು ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಅರ್ಧಕ್ಕೆ, ಅಂದರೆ ಕೌಂಟರ್‌ಫಾಯಿಲ್ಲಿಗೆ. ಸರ್ಕಾರ ಸಾಲಕ್ಕಾಗಿ ಹೊರಡಿಸುತ್ತಿದ್ದ ಎಕ್ಸ್‌ಚೆಕರ್ ಬಿಲ್ಲುಗಳ ವಿಷಯದಲ್ಲಿ ಈ ಬಳಕೆ ಕಾಣುತ್ತದೆ. ಪತ್ರ ಹಣಕ್ಕಾಗಿ ಮರಳಿ ಬಂದಾಗ ಅದನ್ನು ಉಳಿದ ಅರ್ಧದ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಕತ್ತರಿಸಿದ ಅಂಚಿಗೆ ಅಂಚು ಕೂಡಬೇಕು, ಬರಹಕ್ಕೆ ಬರಹ ಹೊಂದಬೇಕು. ಖೋಟಾ ಪತ್ರಕ್ಕೆ ತಡೆಯೊಡ್ಡುವ ತುಂಡು ಅದಾದ್ದರಿಂದ ಅದು ‘ಚೆಕ್’. ಮುಂದೆ ಅಂಥ ಉಳಿಕೆಯುಳ್ಳ ಪತ್ರಕ್ಕೂ, ಆಮೇಲೆ ಉಳಿಕೆ ಇದ್ದರೂ ಇಲ್ಲದಿದ್ದರೂ ಬ್ಯಾಂಕಿಗೆ ಬರೆಯುವ ಯಾವುದೇ ಪಾವತಿ ಆದೇಶಕ್ಕೂ ಅದೇ ಹೆಸರಾಯಿತು. ಚೆಕ್ ಪುಸ್ತಕದಲ್ಲಿ ನೀವು ಮೊತ್ತ, ದಿನಾಂಕ ಗುರುತು ಹಾಕಿಕೊಳ್ಳುವ ಎಡಬದಿಯ ಕಿರುತುಂಡು ಇರುತ್ತದಲ್ಲ, ಪದದ ಚರಿತ್ರೆಯ ಪ್ರಕಾರ ನಿಜವಾದ ಚೆಕ್ ಅದು.

ಕಾಗುಣಿತದ ವಿಷಯ ಇದರ ಮೇಲೆಯೇ ನಿಂತಿದೆ. ಬಹುಕಾಲ ಈ ಪದವನ್ನು ಎರಡೂ ಬಗೆಯಲ್ಲಿ ಬರೆಯುತ್ತಿದ್ದರಾದರೂ ಸಿ ಮತ್ತು ಕೆ ಅಕ್ಷರಗಳಿಂದ ಮುಗಿಯುವ ಸರಳ ರೂಪವೇ ಹೆಚ್ಚು ರೂಢಿಯಲ್ಲಿತ್ತು. 1820ರ ದಶಕದ ಕೊನೆಯಲ್ಲಿ ಬ್ಯಾಂಕಿಂಗ್ ಕುರಿತು ಪುಸ್ತಕ ಬರೆದ ಜೇಮ್ಸ್ ವಿಲಿಯಂ ಗಿಲ್ಬರ್ಟ್ ಎಂಬ ಬ್ಯಾಂಕರು ತಾನು ಕ್ಯು, ಯು, ಇ ಅಕ್ಷರಗಳಿಂದ ಮುಗಿಯುವ ರೂಪವನ್ನು ಆರಿಸಿಕೊಂಡದ್ದಕ್ಕೆ ಕಾರಣಗಳನ್ನು ಕೊಟ್ಟಿದ್ದಾನೆ: ಹಾಗೆ ಬರೆದರೆ ಬೇರೆ ಅರ್ಥದ ‘ಚೆಕ್’ ಜೊತೆ ಗೊಂದಲವಾಗದು, ‘ಎಕ್ಸ್‌ಚೆಕರ್’ ಎಂಬ ಪದಕ್ಕೂ ಹೊಂದುತ್ತದೆ, ಬ್ಯಾಂಕ್ ಆಫ್ ಇಂಗ್ಲೆಂಡ್ ಕೂಡ ಹಾಗೆಯೇ ಬರೆಯುತ್ತದೆ. ಮೊದಲನೆಯ ಕಾರಣ ನ್ಯಾಯವಾದದ್ದೇ. ಎರಡನೆಯದು ‘ಕಂಪ್ಟ್ರೋಲರ್’ನ ಕತೆಯ ಪುನರಾವರ್ತನೆ: ಹಣಕ್ಕೆ ಸಂಬಂಧಿಸಿದ ಪದವಾದ್ದರಿಂದ ಖಜಾನೆಯ ಹೆಸರಿನಂತೆ ಕಾಣಲಿ ಎಂಬ ಬಯಕೆ. ಕೂಗಿನ ಮಗಳಿಗೆ ಮಣೆಯ ಸೀರೆ ಉಡಿಸಿದಂತಾಯಿತು. ಬ್ರಿಟನ್ನು ಈ ರೂಪವನ್ನು ಒಪ್ಪಿತು, ಅಮೆರಿಕ ಸರಳ ರೂಪವನ್ನೇ ಉಳಿಸಿಕೊಂಡಿತು. ಆದ್ದರಿಂದ ಅಮೆರಿಕದವರದು ತಪ್ಪು ಕಾಗುಣಿತ ಎನ್ನುವವರು ಸ್ವಲ್ಪ ತಡೆದು ಮಾತನಾಡುವುದು ಒಳ್ಳೆಯದು. ಚರಿತ್ರೆಯ ದೃಷ್ಟಿಯಿಂದ ಅವರದೇ ಹೆಚ್ಚು ಪ್ರಾಮಾಣಿಕವಾದ ರೂಪ.

ಅರಬ್ಬಿಯ ‘ಸಕ್ಕ್’ ಕುರಿತು ನೀವು ಓದಿದ್ದರಲ್ಲಿ ಅರ್ಧ ಸತ್ಯವಿದೆ. ಸಕ್ಕ್ ಎಂದರೆ ಸಾಲ ಅಥವಾ ಹಕ್ಕನ್ನು ದಾಖಲಿಸುವ ಲಿಖಿತ ಪತ್ರ. ಮಧ್ಯಯುಗದ ಅರಬ್ ವ್ಯಾಪಾರಿಗಳು ಅದನ್ನು ಧಾರಾಳವಾಗಿ ಬಳಸುತ್ತಿದ್ದರು; 10ನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಊರೊಂದರಲ್ಲಿ 42,000 ದಿನಾರುಗಳ ಸಕ್ಕ್ ಕಂಡದ್ದನ್ನು ಬೆರಗಿನಿಂದ ಬರೆದಿದ್ದಾನೆ. ಹಣದ ಬದಲು ಕಾಗದ ಕೈಬದಲಿಸುವ ಪದ್ಧತಿಯಲ್ಲಿ ಅರಬ್ಬರು ಇಂಗ್ಲಿಷರಿಗಿಂತ ಬಹಳ ಮುಂದಿದ್ದರೆಂಬುದು ನಿರ್ವಿವಾದ. ಆದರೆ ಪದ್ಧತಿಯ ಹಿರಿತನದಿಂದ ಪದದ ವಂಶ ಸಿದ್ಧವಾಗುವುದಿಲ್ಲ. ಇಂಗ್ಲಿಷಿನ ಪದ ಸಕ್ಕ್‌ನಿಂದ ಬಂದಿದ್ದರೆ ಅದು ಮೊದಲಿನಿಂದಲೂ ಹಣದ ಪತ್ರಕ್ಕೇ ಹೆಸರಾಗಿರಬೇಕಿತ್ತು. ಪತ್ರ ಬಳಕೆಗೆ ಬಂದು ಹಲವು ದಶಕಗಳವರೆಗೆ ಆ ಹೆಸರೇ ಅದಕ್ಕಿಲ್ಲ. ಬಂದಾಗಲೂ ಮೊದಲು ಅಂಟಿಕೊಂಡದ್ದು ಪಕ್ಕದ ಉಳಿಕೆ ತುಂಡಿಗೆ. ಧ್ವನಿಸಾಮ್ಯವನ್ನು ನಂಬಿ ಹೊರಟರೆ ಯುರೋಪಿನ ಚೆಕ್ ಜನಾಂಗವನ್ನೂ ಈ ಲೆಕ್ಕಕ್ಕೆ ಸೇರಿಸಬೇಕಾದೀತು. ಕನ್ನಡ ಲಿಪಿಯಲ್ಲಂತೂ ಬರೆದರೆ ಎರಡೂ ಒಂದೇ. ಆ ಜನಾಂಗದ ಹೆಸರಿಗೆ ಇದರೊಡನೆ ಯಾವ ನಂಟೂ ಇಲ್ಲ.

ಫ್ರೆಂಚರ ಪಾಡು ಇನ್ನೂ ಸ್ವಾರಸ್ಯಕರವಾಗಿದೆ. ಅವರು ಇಂಗ್ಲಿಷರಿಗೆ ‘ಎಸ್ಚೆಕ್’ ಎಂದು ಕೊಟ್ಟ ಪದವನ್ನು ಶತಮಾನಗಳ ಅನಂತರ ‘ಷೆಕ್’ ಎಂಬ ಬ್ಯಾಂಕಿನ ಪದವಾಗಿ ಮರಳಿ ಎರವಲು ಪಡೆದರು. ಚದುರಂಗದ ‘ಎಷೆಕ್’ ಜೊತೆ ಹಣದ ‘ಷೆಕ್’ ಅವರ ನಿಘಂಟಿನಲ್ಲಿ ಅಪರಿಚಿತರಂತೆ ಬೇರೆ ಬೇರೆ ಪುಟಗಳಲ್ಲಿದೆ. ಆಧುನಿಕ ಅರಬ್ಬಿಯೂ ಬ್ಯಾಂಕಿನ ಚೆಕ್ಕಿಗೆ ಯುರೋಪಿನಿಂದ ಬಂದ ‘ಶೀಕ್’ ಎಂಬ ಪದವನ್ನು ಬಳಸುತ್ತದೆ, ತನ್ನದೇ ಆದ ಸಕ್ಕ್ ಕೈಯಲ್ಲಿರುವಾಗಲೂ.

ಅಮೆರಿಕದಲ್ಲಿ ‘ಚೆಕ್’ ಪಡೆದ ಉಳಿದ ಅರ್ಥಗಳನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಎರಡು ಅರ್ಧಗಳನ್ನು ಹೊಂದಿಸಿ ನೋಡುವ ಆ ಕೌಂಟರ್‌ಫಾಯಿಲ್ಲನ್ನು ನೆನೆದರೆ ಸಾಕು. ಸಾಮಾನನ್ನು ಒಪ್ಪಿಸಿದಾಗ ಕೊಡುವ ಗುರುತಿನ ಬಿಲ್ಲೆ, ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಬರುವ ಬಿಲ್ಲು, ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತಾಗ ಇನ್ನೊಂದು ದಿನಕ್ಕೆ ಸಲ್ಲುವಂತೆ ಕೊಡುತ್ತಿದ್ದ ‘ರೈನ್ ಚೆಕ್’ ಎಲ್ಲವೂ ತಾಳೆ ನೋಡುವ ಚೀಟಿಗಳೇ. ಪಟ್ಟಿಯಲ್ಲಿ ಸರಿಯೆಂದು ಹಾಕುವ ಗುರುತನ್ನು ಬ್ರಿಟಿಷರು ‘ಟಿಕ್’ ಎಂದರೆ ಅವರು ‘ಚೆಕ್’ ಎನ್ನುತ್ತಾರೆ.

ಇನ್ನು ಉಳಿದದ್ದು ‘ಚೆಕ್‌ಮೇಟ್’. ಅದರಲ್ಲಿರುವ ‘ಮೇಟ್’ ಗೆಳೆಯನಲ್ಲ. ಗೆಳೆಯ ಎಂಬರ್ಥದ ‘ಮೇಟ್’ ಜರ್ಮನ್ ಬಳಗದ ಪದ. ಊಟ ಹಂಚಿಕೊಳ್ಳುವವನು ಎಂಬುದು ಅದರ ಮೂಲಾರ್ಥ, ‘ಮೀಟ್’ ಎಂಬ ಮಾಂಸದ ಹೆಸರು ಅದರ ನಂಟ. ಚದುರಂಗದ ‘ಮೇಟ್’ ಬಂದದ್ದು ‘ಶಾಹ್ ಮಾತ್’ ಎಂಬ ಪರ್ಷಿಯನ್ ನುಡಿಯಿಂದ. ಇದನ್ನು ‘ರಾಜ ಸತ್ತ’ ಎಂದು ಅರ್ಥೈಸುವವರು ಬಹಳ ಮಂದಿ, ಏಕೆಂದರೆ ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತನು ಎಂದೇ ಅರ್ಥ. ಆದರೆ ಪರ್ಷಿಯನ್ನಿನಲ್ಲಿ ‘ಮಾತ್’ ಎಂದರೆ ದಿಕ್ಕುತೋಚದವನು, ಕಂಗೆಟ್ಟು ನಿಂತವನು ಎಂಬ ಅರ್ಥವಿದ್ದು, ಅನೇಕ ವಿದ್ವಾಂಸರು ಇದನ್ನೇ ಒಪ್ಪುತ್ತಾರೆ. ನನಗೂ ಇದೇ ಸರಿಯೆನಿಸುತ್ತದೆ, ಏಕೆಂದರೆ ಚದುರಂಗದಲ್ಲಿ ಕಾಲಾಳು ಸಾಯುತ್ತಾನೆ, ಕುದುರೆ ಸಾಯುತ್ತದೆ, ಆನೆ ಸಾಯುತ್ತದೆ, ಮಂತ್ರಿಯೂ ಸಾಯುತ್ತಾನೆ; ರಾಜನನ್ನು ಮಾತ್ರ ಯಾರೂ ಮಣೆಯಿಂದ ಎತ್ತುವುದಿಲ್ಲ. ಅವನು ಎತ್ತ ಸರಿಯಲೂ ಜಾಗವಿಲ್ಲದೆ ತನ್ನ ಚೌಕದಲ್ಲೇ ನಿಂತಿರುವಾಗ ಆಟ ಮುಗಿದಿರುತ್ತದೆ.